ಪ್ರಾಂಪ್ಟರ್ ಹುಡುಗಿಯ ಮೊದಲ ಪ್ರವೇಶ

ಎಲ್ಲರಿಗೂ ನಮಸ್ಕಾರ.

ದೊಡ್ಡಕ್ಕನ ಮಗಳು, ಅಳಿಯಂದಿರು ಮುಂದಿನ ಸಾಲಿನಲ್ಲಿದ್ದೀರಿ. ನಿಮ್ಮ ದುಃಖದ ಎದುರು ನಮ್ಮದು ಸಣ್ಣದು. ಆದರೂ ನಮ್ಮದೂ ದುಃಖವೇ. ಹಿರಿಯ ಕಲಾವಿದರಿದ್ದೀರಿ, ಲೈಟಿನವರು, ಮೇಕಪ್ಪಿನವರು, ಧಾರಾವಾಹಿಯ ತಂಡದವರು ಇದ್ದೀರಿ. ಟಿಕೆಟ್ ಕೊಂಡು ಅವರ ನಾಟಕ ನೋಡಿ, ಅತ್ತು, ಮನೆಗೆ ಹೋದವರೂ ಇದ್ದೀರಿ. ಎಲ್ಲರಿಗೂ ನನ್ನ ಗೌರವ.

ನಾನು, ನಾವೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದ ಈ ನಟಿಯ ಕೊನೆಯ ನಾಟಕಗಳಲ್ಲಿ ಅವರ ಮಗಳ ಪಾತ್ರ ಮಾಡುತ್ತಿದ್ದವಳು. ಇವತ್ತು ಬರೆದುಕೊಂಡು ಬಂದಿದ್ದೇನೆ, ಕ್ಷಮಿಸಿ. ಮನೆಯಲ್ಲಿ ಮಗುವಿಗೆ ಹಲ್ಲು ಬರುತ್ತಿದೆ, ಯಾರಿಗೂ ನಿದ್ದೆಯಿಲ್ಲ. ಬಾಯಿಗೆ ಬಂದಂತೆ ಹೇಳಹೊರಟರೆ ಒಂದು ಹೋಗಿ ಇನ್ನೊಂದಾದೀತು ಎಂಬ ಭಯ. ಇವತ್ತಿನ ಮಾತು ಹಾಗೆ ಆಗಬಾರದು.

ಈ ವಾರವೆಲ್ಲ ಪತ್ರಿಕೆಗಳಲ್ಲಿ ಒಂದು ಕಥೆ ಓದಿದ್ದೀರಿ. ಟೀವಿಯಲ್ಲಿ ದೊಡ್ಡಕ್ಕನ ಬಾಯಿಂದಲೇ ಕೇಳಿದ್ದೀರಿ. ಅವರು ಸೊಂಟಕ್ಕೆ ಕೈಯಿಟ್ಟು, ಹುಬ್ಬು ಹಾರಿಸಿ ಹೇಳುತ್ತಿದ್ದರಲ್ಲ — "ನನ್ನ ಮೊದಲ ಡೈರೆಕ್ಟರ್ ಯಾರು ಗೊತ್ತಾ? ನನ್ನ ಮಗಳು! ಬಾಯಲ್ಲಿ ಒಂದು ಹಲ್ಲಿಲ್ಲ, ಸ್ಟೇಜ್ ಮೇಲೆ ಮಲಗಿಕೊಂಡು 'ಅಮ್ಮಾ, ಎಂಟ್ರಿ!' ಅಂತ ಕಿರುಚಿದಳು. ನಾನು ಓಡಿದೆ. ಓಡಿದವಳು ಇನ್ನೂ ನಿಂತಿಲ್ಲ!"

ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ದೊಡ್ಡಕ್ಕನಿಗೆ ಬೇಕಾಗಿದ್ದುದೂ ಈ ನಗುವೇ. ಇದರ ಹಿಂದೆ ಅವರು ಜೀವನಪೂರ್ತಿ ಅಡಗಿಕೊಂಡಿದ್ದರು.

ಹೆರಿಗೆಯಾದ ಮೇಲೆ ನಾನು ರಿಹರ್ಸಲ್‌ಗೆ ವಾಪಸ್ಸು ಬಂದ ಮೊದಲ ದಿನ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ಮೈ ಇಲ್ಲಿ, ಕಿವಿ ಫೋನಿನಲ್ಲಿ. ಒಂದು ಮಾತೂ ನೆಟ್ಟಗೆ ಬರಲಿಲ್ಲ. ಊಟದ ವಿರಾಮದಲ್ಲಿ ದೊಡ್ಡಕ್ಕನ ಪಕ್ಕ ಕುಸಿದು ಕೂತು ಹೇಳಿದೆ — "ದೊಡ್ಡಕ್ಕಾ, ನನ್ನ ಕೈಲಾಗಲ್ಲ. ಬಿಟ್ಟುಬಿಡ್ತೀನಿ."

ಅವರು ಬುದ್ಧಿ ಹೇಳಲಿಲ್ಲ. ಧೈರ್ಯವನ್ನೂ ಹೇಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ನನ್ನ ಎಂಟ್ರಿ ಕಥೆ ಇದೆಯಲ್ಲ, ಅದು ಸುಳ್ಳು ಕಣೇ," ಎಂದರು. "ನಾನು ಸತ್ತ ದಿನ ಎಲ್ಲರೂ ಅದನ್ನೇ ಹೇಳ್ತಾರೆ. ನೀನೊಬ್ಬಳು ಹೇಳಬೇಡ."

ಹೇಳುವುದಿಲ್ಲ ದೊಡ್ಡಕ್ಕ. ಅವತ್ತು ನೀವು ಹೇಳಿದ್ದನ್ನು ಹೇಳುತ್ತೇನೆ.

ಅವರು ಮೊದಲು ಕೆಲಸಕ್ಕೆ ಸೇರಿದ್ದು ನಾಟಕಕ್ಕಲ್ಲ, ಒಂದು ಪ್ರೆಸ್ಸಿಗೆ. ಕರಡು ತಿದ್ದುವವರ ಎದುರು ಸ್ಟೂಲಿನ ಮೇಲೆ ಕೂತು, ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವ ಕೆಲಸ. ಭಾವ ಬೆರೆಸುವ ಹಾಗಿಲ್ಲ. ಚಿಹ್ನೆಗಳನ್ನೂ ಬಿಡುವ ಹಾಗಿಲ್ಲ. "ನಮ್ಮ ಪ್ರೀತಿಯ ತಂದೆಯವರು ಅಲ್ಪವಿರಾಮ ನಿನ್ನೆ ಬೆಳಿಗ್ಗೆ ತೀರಿಕೊಂಡರು ಪೂರ್ಣವಿರಾಮ" — ಹೀಗೆ. ಸಾವಿನ ಸುದ್ದಿ, ಸಾಬೂನಿನ ಜಾಹೀರಾತು, ಎರಡೂ ಒಂದೇ ದನಿಯಲ್ಲಿ. ಅಲ್ಲಿನ ಫೋರ್‌ಮನ್ ಕಲಿಸಿದ್ದು ಒಂದೇ ಪಾಠವಂತೆ: "ಕಣ್ಣು ಅಕ್ಷರದ ಮೇಲೆ. ತಲೆ ಎತ್ತಿದೆಯೋ, ಒಂದು ಸಾಲು ಹೋಯ್ತು ಅಂತ ತಿಳ್ಕೋ."

ಆ ಪಾಠ ಅವರ ಕತ್ತಿನೊಳಗೇ ಇಳಿದುಬಿಟ್ಟಿತು. ನೆನಪಿಡಿ ಇದನ್ನು.

ಮದುವೆಯಾಯಿತು. ಹೊಟ್ಟೆಯಲ್ಲಿ ಮಗು ಇರುವಾಗಲೇ ಗಂಡ ಬೇರೆ ಊರಿನಲ್ಲಿ ಕೆಲಸ ನೋಡಿ ಬರುತ್ತೇನೆಂದು ಹೋದರು. ಬರಲಿಲ್ಲ. ಎಳೆಮಗುವನ್ನು ಎತ್ತಿಕೊಂಡು ಹೋದರೆ ಪ್ರೆಸ್ಸಿನವರು ಒಳಗೆ ಬಿಡಲಿಲ್ಲ. ಸೀಸದ ಧೂಳಿನ ಜಾಗ, ಅವರು ಹೇಳಿದ್ದೂ ಸರಿಯೇ. ಅದೇ ಹೊತ್ತಿಗೆ ಪಕ್ಕದ ಬೀದಿಯಲ್ಲಿ ಬೀಡುಬಿಟ್ಟಿದ್ದ ನಾಟಕ ಕಂಪನಿಗೆ ಪ್ರಾಂಪ್ಟರ್ ಬೇಕಾಗಿತ್ತು. ಪರದೆಯ ಬದಿಯ ಮರೆಯಲ್ಲಿ, ಅಂದರೆ ವಿಂಗಿನಲ್ಲಿ ಕೂತು, ನಟರು ಮಾತು ಮರೆತರೆ ಪಿಸುದನಿಯಲ್ಲಿ ಹೇಳಿಕೊಡುವ ಕೆಲಸ. ಅದುವರೆಗೆ ಆ ಕೆಲಸದಲ್ಲಿದ್ದ ಮುದುಕರಿಗೆ ಕೆಮ್ಮು ಹತ್ತಿತ್ತು. ನಾಯಕ "ಪ್ರಿಯೇ" ಎನ್ನುವ ಮೊದಲು ಒಳಗಿನಿಂದ ಕೆಮ್ಮು, ಎಂದ ಮೇಲೂ ಕೆಮ್ಮು. ಜನ ಕೆಮ್ಮಿಗೇ ಚಪ್ಪಾಳೆ ತಟ್ಟಲು ಶುರು ಮಾಡಿದ್ದರಂತೆ!

ಕಂಪನಿಯ ಯಜಮಾನರು ಇವರ ಓದು ಕೇಳಿ, "ನಾಳೆಯಿಂದ ಬಾಮ್ಮಾ," ಎಂದರು. ಆಮೇಲೆ ಕಂಕುಳಲ್ಲಿದ್ದ ಮಗುವನ್ನು ನೋಡಿದರು. "ಇದನ್ನು ಬಿಟ್ಟು ಬಾ. ಒಂದು ಸಲ ಕುಂಯ್ ಅಂದ್ರೂ ಸೀನು ಹಾಳು. ವಿಂಗಿನಲ್ಲಿ ಮಗುವಿನ ದನಿ ಕೇಳಿದ ದಿನವೇ ನಿನ್ನ ಕೆಲಸ ಮುಗೀತು."

ಬಿಟ್ಟು ಬರಲು ಯಾರಿದ್ದರು? ಯಾರೂ ಇರಲಿಲ್ಲ.

ಅವರನ್ನು ಉಳಿಸಿದ್ದು ರಂಗದ ಸಾಮಾನು ನೋಡಿಕೊಳ್ಳುವ ಹಿರಿಯರು. ಕತ್ತಿ, ಕಿರೀಟ, ಹೂಜಿ, ಸುಳ್ಳು ಹಣ್ಣು ಎಲ್ಲ ಅವರ ಪೆಟ್ಟಿಗೆಯಲ್ಲಿ. ಎಲ್ಲರೂ ಅವರನ್ನು ಪೆಟ್ಟಿಗೆ ಮಾವ ಎನ್ನುತ್ತಿದ್ದರು. "ಕೊಡು ಇಲ್ಲಿ. ನನ್ನ ಸಾಮಾನಿನ ಜೊತೆ ಇನ್ನೊಂದು ಸಾಮಾನು," ಎಂದು ಅವರು ಒಂದು ಬೆತ್ತದ ಬುಟ್ಟಿಯಲ್ಲಿ ಮಗುವಿಗೆ ಜಾಗ ಮಾಡಿಕೊಟ್ಟರು. ಬೆಚ್ಚಗಿರಲೆಂದು ಹಳೆಯ ಹಸಿರು ಪರದೆಯೊಂದನ್ನು ಕತ್ತರಿಸಿ ಹೊದಿಸಿದರು.

ಆ ಪರದೆಯ ಇನ್ನೊಂದು ತುಂಡಿನಲ್ಲಿ ಸುತ್ತಿಟ್ಟದ್ದು ನಾಟಕದ ಗೊಂಬೆಯನ್ನು.

ಆ ನಾಟಕದಲ್ಲಿ ಗಂಡ ಕೈಬಿಟ್ಟ ತಾಯಿಯೊಬ್ಬಳು ತನ್ನ ಕೂಸನ್ನು ಬಾವಿಗೆ ಹಾಕುವ ದೃಶ್ಯವಿತ್ತು. ಸ್ಟೇಜಿನ ಮೇಲೆ ಮರದ ಚೌಕಟ್ಟಿನ ಬಾವಿ. ಒಳಗೆ ಹಲಗೆ ತೆಗೆದ ತೂತು. ಕೆಳಗೆ ಕಲ್ಲು, ಮೊಳೆ, ಮುರಿದ ಹಲಗೆ. ಗೊಂಬೆ ದೊಪ್ಪೆಂದು ಬಿದ್ದಾಗ ಇಡೀ ಸಭಾಂಗಣ ಹಾ ಎನ್ನುತ್ತಿತ್ತು. ನಾಯಕಿಯ ಪಾತ್ರ ರಾಣಿಯಮ್ಮನದು. ಸದಾ ರಾಣಿಯ ಪಾತ್ರ ಮಾಡಿ ಮಾಡಿ, ಸಾರು ಬಡಿಸುವವರಿಗೂ ಅಪ್ಪಣೆ ಕೊಡುವ ಹಾಗೆ ಮಾತಾಡುತ್ತಿದ್ದವರು.

ನಮ್ಮ ಕಸುಬಿನವರಿಗೆ ಗೊತ್ತು, ಉಳಿದವರಿಗಾಗಿ ಹೇಳುತ್ತೇನೆ. ವಿಂಗಿನ ಕತ್ತಲಲ್ಲಿ ಒಂದು ಮೇಜು ಇರುತ್ತದೆ. ಯಾವ ಸಾಮಾನು ಎಲ್ಲಿರಬೇಕೋ ಅಲ್ಲೇ ಇರಬೇಕು. ನಾವು ನೋಡುವುದಿಲ್ಲ. ನೋಡಲು ಪುರುಸೊತ್ತೂ ಇಲ್ಲ, ಬೆಳಕೂ ಇಲ್ಲ. ಕೈ ಹೀಗೆ — ತಾನಾಗಿ ಹೋಗುತ್ತದೆ, ಎತ್ತಿಕೊಳ್ಳುತ್ತದೆ.

ಒಂದು ದಿನ ನಾಟಕ ನಡೆಯುವಾಗಲೇ ಹಿಂದಿನ ನಲ್ಲಿ ಒಡೆದು ವಿಂಗಿನ ನೆಲಕ್ಕೆಲ್ಲ ನೀರು ಬಂದಿತ್ತು. ಬುಟ್ಟಿ ನೆನೆಯುತ್ತದೆಂದು ಈ ಪ್ರಾಂಪ್ಟರ್ ಹುಡುಗಿ ಮಲಗಿದ್ದ ಮಗುವನ್ನು ಹೊದಿಕೆಯ ಸಮೇತ ಎತ್ತಿ ಮೇಜಿನ ಮೇಲೆ ಮಲಗಿಸಿದಳು. ಮೇಜಿನ ಮೇಲೆ ಖಾಲಿ ಇದ್ದದ್ದು ಒಂದೇ ಜಾಗ, ಗೊಂಬೆಯದು. ಬಿದ್ದು ಬಿದ್ದು ಅದರ ಕತ್ತು ಕಿತ್ತುಹೋಗಿತ್ತು. ಪೆಟ್ಟಿಗೆ ಮಾವ ಅದನ್ನು ಆಚೆ ಬೆಳಕಿಗೆ ಒಯ್ದು ಹೊಲಿಯುತ್ತಿದ್ದರು. "ಈಗ ತಂದಿಡ್ತಾರೆ, ಅಷ್ಟರಲ್ಲಿ ಎತ್ತಿಕೊಂಡರಾಯ್ತು," ಎಂದುಕೊಂಡಳು. ಅಷ್ಟರಲ್ಲಿ ಯಾರೋ ಸ್ಟೇಜಿನ ಮೇಲೆ ಮಾತು ಮರೆತರು. ಓಡಿ ಹೋಗಿ ಪುಸ್ತಕದ ಮುಂದೆ ಕೂತಳು. ಕಣ್ಣು ಅಕ್ಷರದ ಮೇಲೆ.

ರಾಣಿಯಮ್ಮ ಬಂದರು. ಕೈ ಮೇಜಿನ ಕಡೆ ಹೋಯಿತು.

(ಒಂದು ನಿಮಿಷ — ನೀರು ಕುಡಿಯುತ್ತೇನೆ.)

ಸ್ಟೇಜಿನ ನಡುವೆ ಬಂದ ಮೇಲೆ ರಾಣಿಯಮ್ಮನಿಗೆ ಕೈಯ ಭಾರ ತಿಳಿಯಿತು. ಬಿಸಿ ತಿಳಿಯಿತು. ಮಾತು ನಿಂತುಹೋಯಿತು. ಅವರು ವಿಂಗಿನ ಕಡೆ ತಿರುಗಿದರು. ನಟರು ವಿಂಗಿನ ಕಡೆ ತಿರುಗಿದರೆ ಪ್ರಾಂಪ್ಟರ್‌ಗೆ ಅದರ ಅರ್ಥ ಒಂದೇ. ಮಾತು ಮರೆತಿದೆ, ಕೊಡು.

ಹುಡುಗಿ ಕೊಟ್ಟಳು. "ಮಗಳೇ, ಈ ಲೋಕದಲ್ಲಿ ನಿನಗೆ ಜಾಗವಿಲ್ಲ."

ರಾಣಿಯಮ್ಮ ಮಾತಾಡಲಿಲ್ಲ. ಹುಡುಗಿ ಇನ್ನೂ ಸ್ವಲ್ಪ ಗಟ್ಟಿಯಾಗಿ — "ಮಗಳೇ, ಈ ಲೋಕದಲ್ಲಿ ನಿನಗೆ ಜಾಗವಿಲ್ಲ. ಹೋಗು."

ರಾಣಿಯಮ್ಮ ನಾಟಕದ ಭಾಷೆ ಬಿಟ್ಟು, ಮನೆಯ ಭಾಷೆಯಲ್ಲಿ ಹೇಳಿದರು: "ಇದು ಉಸಿರಾಡ್ತಿದೆ ಕಣೇ."

ಆ ಮಾತು ಪುಸ್ತಕದಲ್ಲಿ ಇರಲಿಲ್ಲ.

ಪುಸ್ತಕದಲ್ಲಿ ಇಲ್ಲದ ಮಾತು ಬಂದರೆ ಪ್ರಾಂಪ್ಟರ್ ಏನು ಮಾಡಬೇಕು? ತಿದ್ದಬೇಕು. ಹುಡುಗಿ ತಿದ್ದಿದಳು. ತಲೆ ಎತ್ತದೆ, ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ — "ಹೋಗು. ಈ ನೀರೇ. ನಿನ್ನ ತಾಯಿ."

ಆಗ ಮಗು ಅತ್ತಿತು.

ತಾಯಂದಿರಿಗೆ ಗೊತ್ತು. ನೂರು ಮಕ್ಕಳು ಒಟ್ಟಿಗೆ ಅತ್ತರೂ ನಮ್ಮದು ಯಾವುದೆಂದು ಮೈಗೆ ಗೊತ್ತಾಗುತ್ತದೆ. ಅವಳು ಪುಸ್ತಕ ಎಸೆದು ಓಡಿದಳು. ಯಾವ ದೊಡ್ಡ ಸಂಭಾಷಣೆಯನ್ನೂ ಹೇಳಲಿಲ್ಲ. ಮಗುವನ್ನು ಕಿತ್ತುಕೊಂಡು, ಬಾವಿಯ ಕಟ್ಟೆಗೆ ಒರಗಿ, ಜನಕ್ಕೆ ಬೆನ್ನು ಹಾಕಿ ಕೂತು ಹಾಲು ಕೊಟ್ಟಳು. ಬೆನ್ನು ಮಾತ್ರ ನಡುಗುತ್ತಿತ್ತು. ಆಮೇಲೆ ಚಪ್ಪಾಳೆ. ನಿಲ್ಲದ ಚಪ್ಪಾಳೆ. ಅದನ್ನು ನಾಟಕವೆಂದೇ ತಿಳಿದಿದ್ದರು ಜನ.

ಕೆಲಸ ಹೋಯಿತೆಂದು ಬಟ್ಟೆ ಗಂಟು ಕಟ್ಟುತ್ತಿದ್ದವಳ ಹತ್ತಿರ ಯಜಮಾನರು ಬಂದು ಹೇಳಿದ್ದೇನು ಗೊತ್ತೆ? "ನಾಳೆಯೂ ಹಾಗೇ ಓಡಬೇಕು."

ಗೊಂಬೆಯ ಬದಲು ಮಗುವನ್ನೇ ಕೊಡು ಎಂದೂ ಕೇಳಿದರು. ಅದೊಂದಕ್ಕೆ ಅವಳು ಒಪ್ಪಲಿಲ್ಲ. ಗೊಂಬೆಯ ಕಡೆಗೇ ಓಡಿದಳು. ಪ್ರತಿ ಪ್ರದರ್ಶನದಲ್ಲೂ ಅವಳು ವಿಂಗಿನಲ್ಲಿ ಕಾಯಬೇಕು. ಅದೇ ಮಾತು — ಹೋಗು, ಈ ನೀರೇ ನಿನ್ನ ತಾಯಿ — ಪೂರ್ತಿ ಕೇಳಬೇಕು. ಕೇಳಿದ ಮೇಲೆಯೇ ಓಡಬೇಕು. ಅಂಥ ಓಟವನ್ನು ಯಾವ ನಟಿಯೂ ಓಡಲಾರಳೆಂದು ವಿಮರ್ಶಕರು ಬರೆದರು. ಆ ಓಟ ನೋಡಿಯೇ ಸಿನಿಮಾದವರು ಕರೆದರು. ಮುಂದಿನದು ನಿಮಗೆಲ್ಲ ಗೊತ್ತು.

"ಜನ ಅದನ್ನ ಅಭಿನಯ ಅಂದ್ರು," ಎಂದರು ದೊಡ್ಡಕ್ಕ. "ನಾನು ಮಾತ್ರ ಪ್ರತಿ ಸಲ ಆ ಮಾತು ನಿಲ್ಲಿಸೋಕೆ ಓಡ್ತಿದ್ದೆ. ಪ್ರತಿ ಸಲ ತಡವಾಗೇ ತಲುಪ್ತಿದ್ದೆ."

ನಾನು ಕೇಳಿದೆ: "ಮಗಳಿಗೆ ಹೇಳಿದ್ದೀರಾ?"

ಅವರ ಮುಖ — ಪರದೆಯ ಮೇಲೆ ನೀವು ಸಾವಿರ ಭಾವ ನೋಡಿದ ಮುಖ — ಅವತ್ತು ಸಣ್ಣ ಹುಡುಗಿಯದಾಯಿತು. "ಹೇಗೆ ಹೇಳ್ಲೇ? ನಿನ್ನನ್ನ ಬಾವಿಗೆ ಹಾಕು ಅಂತ ನಾನೇ ಹೇಳಿಕೊಟ್ಟೆ ಅಂತಲಾ? ಗೊತ್ತಾದ್ಮೇಲೆ ಅವಳು ನನ್ನನ್ನ ಅಮ್ಮ ಅಂತ ಕರೀತಾಳಾ?"

ಅವರು ಹೆದರುತ್ತಿದ್ದುದು ಅದೊಂದಕ್ಕೇ. ವಿಮರ್ಶೆಗಲ್ಲ, ವಯಸ್ಸಿಗಲ್ಲ, ಸಾವಿಗೂ ಅಲ್ಲ.

ಅವರು ಹೋದ ಮೇಲೆ ಇದನ್ನು ಇಟ್ಟುಕೊಂಡು ನಾನೇನು ಮಾಡಲಿ? ತೊಟ್ಟಿಲ ಪಕ್ಕ ಕೂತು, ಮಗುವಿನ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಾ, ಇದನ್ನೇ ಯೋಚಿಸಿದೆ. ಹೇಳಿದರೆ ಒಬ್ಬ ಮಗಳಿಂದ ತಾಯಿಯನ್ನು ಇನ್ನೊಮ್ಮೆ ಕಿತ್ತುಕೊಂಡ ಹಾಗೆ. ಹೇಳದಿದ್ದರೆ ದೊಡ್ಡಕ್ಕನನ್ನು ಆ ತಮಾಷೆಯ ಹಿಂದೆಯೇ ಹೂತ ಹಾಗೆ. ಕೊನೆಗೆ ಮೊನ್ನೆ ಮಗಳ ಮನೆಗೆ ಹೋದೆ. ಅವರು ಅಮ್ಮನ ಬಟ್ಟೆ ಮಡಿಸುತ್ತಿದ್ದರು. ನಾನೂ ಒಂದು ತುದಿ ಹಿಡಿದುಕೊಂಡೆ. ತಡವರಿಸುತ್ತಾ ಹೇಳತೊಡಗಿದೆ. ನಲ್ಲಿ ಒಡೆದದ್ದರವರೆಗೆ ಬಂದಿದ್ದೆನೋ ಇಲ್ಲವೋ —

"ನಂಗೊತ್ತು," ಎಂದರು.

"ಯಾರು ಹೇಳಿದ್ರು?"

"ರಾಣಿಯಮ್ಮ. ನಾನು ಕಾಲೇಜು ಸೇರಿದ ವರ್ಷ. ಅಮ್ಮನ ಜೊತೆ ಯಾವುದೋ ಪಾತ್ರಕ್ಕೆ ಜಗಳ ಆಗಿತ್ತು ಅವರಿಗೆ. ಆ ಸಿಟ್ಟಲ್ಲಿ ನನ್ನನ್ನ ಕರೆದು ಎಲ್ಲ ಹೇಳಿಬಿಟ್ರು. ಹೇಳಿ ಆಮೇಲೆ ಅವರೇ ಅತ್ರು."

"ಅಮ್ಮನ್ನ ಕೇಳಲಿಲ್ವಾ?"

"ಕೇಳಿದ್ರೆ ಮತ್ತೆ ಅದೇ ತಮಾಷೆ ಕಥೆ ಹೇಳ್ತಾಳಲ್ಲ. ಅದಕ್ಕೇ ಭಯ. ಅವಳಾಗೇ ಹೇಳ್ಲಿ ಅಂತ ಕಾದೆ. ಆಸ್ಪತ್ರೆಯಲ್ಲೂ ಕಾದೆ. ಎರಡು ಸಲ ನನ್ನ ಕೈ ಹಿಡ್ಕೊಂಡು 'ನೋಡು' ಅಂದ್ಲು. ಏನಮ್ಮ ಅಂದ್ರೆ, 'ಏನಿಲ್ಲ, ಊಟ ಮಾಡಿದ್ಯಾ' ಅಂದ್ಲು."

ಅವರು ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

"ಪುಸ್ತಕ ನೋಡ್ತಿದ್ಲು, ಮಾತು ಕೊಟ್ಲು. ಅಷ್ಟೇ ತಾನೆ? ಅದಕ್ಕೆ ನಂಗೆ ಯಾವತ್ತೂ ಸಿಟ್ಟು ಬರಲಿಲ್ಲ. ಆದ್ರೆ ಅದನ್ನ ಅಷ್ಟು ವರ್ಷ ಒಬ್ಬಳೇ ಹೊತ್ಕೊಂಡು ಓಡಾಡಿದ್ಲಲ್ಲ... ನನ್ನ ಕೈಗೂ ಸ್ವಲ್ಪ ಕೊಡಬಾರದಿತ್ತಾ? ಸಿಟ್ಟು ಇರೋದು ಅದಕ್ಕೆ. ಇನ್ನೂ ಇದೆ." ಆಮೇಲೆ ಹೇಳಿದರು, "ಸಭೇಲಿ ಹೇಳಿ. ನಾನು ಮುಂದೇನೇ ಕೂತಿರ್ತೀನಿ."

ಕೂತಿದ್ದಾರೆ. ನೀವೆಲ್ಲ ನೋಡುತ್ತಿದ್ದೀರಿ.

ನನ್ನ ಸಂಕಟ ಇಷ್ಟೇ. ಯಾವ ಪ್ರಶ್ನೆಗೆ ದೊಡ್ಡಕ್ಕ ಜೀವಮಾನವೆಲ್ಲ ಹೆದರಿದರೋ, ಅದರ ಉತ್ತರ ಅವರ ಮನೆಯಲ್ಲೇ ಇತ್ತು. ಬಾಗಿಲು ತೆಗೆಯುವಾಗ, ಮಾತ್ರೆ ಕೊಡುವಾಗ, ಫೋನಿನಲ್ಲಿ ಜಗಳವಾಡುವಾಗ, ದಿನಕ್ಕೆ ಹತ್ತು ಸಲ ಅದು ಅವರ ಕಿವಿಗೆ ಬೀಳುತ್ತಿತ್ತು. ದೊಡ್ಡಕ್ಕಾ, ನಿಮ್ಮ ಮಗಳು ಎಲ್ಲ ಗೊತ್ತಿದ್ದೇ ನಿಮ್ಮನ್ನು ಅಮ್ಮಾ ಎಂದು ಕರೆಯುತ್ತಿದ್ದರು. ಅದೊಂದು ನಿಮಗೆ ಗೊತ್ತಾಗಲಿಲ್ಲ.

ಇನ್ನು ಹೇಳಲು ನನ್ನಲ್ಲಿ ಏನೂ ಉಳಿದಿಲ್ಲ. ದಯವಿಟ್ಟು ಎಲ್ಲರೂ ಎದ್ದು ನಿಲ್ಲೋಣ. ಸ್ವಲ್ಪ ಹೊತ್ತು ಮೌನವಾಗಿರೋಣ. ಎಳೆಮಕ್ಕಳನ್ನು ಎತ್ತಿಕೊಂಡು ಬಂದವರು ಅಲ್ಲಲ್ಲಿ ಇದ್ದೀರಿ. ನಡುವೆ ಮಗು ಅತ್ತರೆ ಬಾಯಿ ಮುಚ್ಚಿಸಬೇಡಿ, ಹೊರಗೆ ಓಡಬೇಡಿ. ಅಳಲಿ. ನಾವು ನಿಂತೇ ಇರೋಣ.