ದಂಡನಾಯಕನ ಹೆಂಡತಿಯ ಹೆಸರು

ಅಧ್ಯಕ್ಷತೆ ವಹಿಸಿರುವ ಶ್ರೀಮತಿ ವಸಂತಲಕ್ಷ್ಮಿಯವರೇ, ವೇದಿಕೆಯ ಮೇಲಿರುವ ಹಿರಿಯರೇ, ಟಕ್ವಿಲಾದಿಂದ, ನ್ಯೂಕ್ಯಾಸಲ್‌ನಿಂದ ಟ್ರಾಫಿಕ್ ದಾಟಿ ಕರ್ಕ್‌ಲ್ಯಾಂಡಿನ ಈ ಸಭಾಂಗಣಕ್ಕೆ ಬಂದಿರುವ ಸಭಿಕರೇ,

ಇದು ಗೊಮ್ಮಟನ ಮಹಾಮಸ್ತಕಾಭಿಷೇಕ ನಡೆದ ವರ್ಷ. ಆದ್ದರಿಂದ ಈ ಪರದೇಶದ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಚಾವುಂಡರಾಯನ ಬಗ್ಗೆ ಹತ್ತು ನಿಮಿಷ ಮಾತಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ಹನ್ನೊಂದನೆಯ ನಿಮಿಷಕ್ಕೆ ಬಿಸಿಬೇಳೆಬಾತಿನ ವಾಸನೆಯೇ ನಿಮ್ಮನ್ನು ಎಬ್ಬಿಸಿಕೊಂಡು ಹೋಗುತ್ತದೆ ಎಂಬುದೂ ಗೊತ್ತಿದೆ.

ಗಂಗರ ದಂಡನಾಯಕ ಚಾವುಂಡರಾಯ ಯುದ್ಧ ಗೆದ್ದ, ಗ್ರಂಥ ಬರೆದ, ಬೆಟ್ಟದ ಮೇಲೆ ಗೊಮ್ಮಟನನ್ನು ನಿಲ್ಲಿಸಿದ. ತಾಯಿ ಕಾಳಲಾದೇವಿಯ ಆಸೆ ತೀರಿಸಲೆಂದೇ ನಿಲ್ಲಿಸಿದ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಅವನ ಹೆಂಡತಿಯ ಹೆಸರೇನು? ಕೈ ಎತ್ತಿ ನೋಡೋಣ. ಒಂದೂ ಕೈ ಇಲ್ಲ. ನಾಚಬೇಡಿ, ಹೋದ ತಿಂಗಳವರೆಗೆ ನನಗೂ ಗೊತ್ತಿರಲಿಲ್ಲ. ಅಜಿತಾದೇವಿಯಂತೆ. ಅದರಾಚೆ ನನಗೇನೂ ಸಿಗಲಿಲ್ಲ. ಅದು ತವರಿನವರು ಇಟ್ಟ ಹೆಸರೋ, ಗಂಡನ ಮನೆಯವರು ಇಟ್ಟದ್ದೋ? ದಂಡನಾಯಕ ಅವಳನ್ನು ಏನೆಂದು ಕರೆಯುತ್ತಿದ್ದ? ಕರೆದರೆ ಅವಳು ತಿರುಗಿ ನೋಡುತ್ತಿದ್ದಳೇ?

ಇದೇನು ಅಧಿಕಪ್ರಸಂಗ ಎನ್ನಬೇಡಿ. ನಮ್ಮ ಗದಗಿನ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುತ್ತಿದ್ದರು. ಪರಾತದಲ್ಲಿ ಅಕ್ಕಿ ಹರಡಿ, ಗಂಡು ಉಂಗುರದಿಂದ ಹೊಸ ಹೆಸರು ಬರೆಯಬೇಕು. ನನ್ನ ಹೆಂಡತಿಯ ಹೆಸರು ಗಂಗವ್ವ. ನಾನು ಆಗಷ್ಟೇ ಇಂಜಿನಿಯರ್ ಆದವನು. ಗಂಗವ್ವನನ್ನು ಗೆಳೆಯರಿಗೆ ಪರಿಚಯಿಸುವುದು ಹೇಗೆ? ಪೂರ್ಣಿಮಾ ಎಂದು ಬರೆದೆ. "ಇದ್ದ ಹೆಸರು ಛಲೋ ಐತಲ್ಲೋ ಗುರುಪಾದ" ಎಂದಳು ನನ್ನ ತಾಯಿ. ನಾನು ಕೇಳಲಿಲ್ಲ. ಮದುಮಗಳು ಮಾತ್ರ ಆಮೇಲೆ ಮೆಲ್ಲಗೆ ಕೇಳಿದಳು, "ನಮ್ಮಪ್ಪ ಗಂಗವ್ವಾ ಅಂತನ ಕರೀತಾನ್ರೀ. ನಡೀತೈತೇನ್ರೀ?" ದೊಡ್ಡ ಮನಸ್ಸು ಮಾಡಿ ಒಪ್ಪಿದೆ! ಮಾವನವರು ತೀರಿಕೊಂಡ ಮೇಲೆ ಆ ಹೆಸರು ಅವಳ ಪಾಸ್‌ಪೋರ್ಟಿನಲ್ಲಿ ಮಾತ್ರ ಉಳಿಯಿತು.

ನೀವೆಲ್ಲ ಪೂರ್ಣಿಮಾ ಆಂಟಿಯ ಕೈಯ ರೊಟ್ಟಿ ಉಂಡವರು. ಈ ಬೇಸಿಗೆಯಲ್ಲಿ ಅವಳಿಗೆ ಪಾರ್ಶ್ವವಾಯು ಬಡಿದದ್ದೂ ನಿಮಗೆ ಗೊತ್ತು. ಆಸ್ಪತ್ರೆಯ ಫಾರ್ಮಿನಲ್ಲಿ ರೋಗಿಯನ್ನು ಏನೆಂದು ಕರೆಯಬೇಕು ಎಂದು ಕೇಳಿದ್ದರು. ಪೂರ್ಣಿಮಾ ಎಂದು ಬರೆದೆ, ಎರಡನೆಯ ಸಲ. ಒಂಬತ್ತು ದಿನ ಎಲ್ಲರೂ ಹಾಗೇ ಕರೆದರು. ನಾನೂ ಕರೆದೆ. ರೆಪ್ಪೆಯೂ ಅಲುಗಲಿಲ್ಲ. ಹೆಸರಿಗೆ ಸ್ಪಂದಿಸುತ್ತಿಲ್ಲ ಎಂದು ಡಾಕ್ಟರು ಬರೆದುಕೊಂಡರು.

ಹತ್ತನೆಯ ದಿನ ಹೊಸ ನರ್ಸ್ ಒಬ್ಬಳು ಬಂದಳು. ಕೈಪಟ್ಟಿಯಲ್ಲಿದ್ದ ಪಾಸ್‌ಪೋರ್ಟ್ ಹೆಸರನ್ನು ಕಷ್ಟಪಟ್ಟು ಓದಿದಳು, "ಗ್ಯಾಂಗಾವಾ?"

ನನ್ನ ಹೆಂಡತಿ ಕಣ್ಣು ಬಿಟ್ಟಳು. ದನಿ ಬಂದ ಕಡೆ ಹುಡುಕಿದಳು. ನಾನು ಓಡಿ ಹತ್ತಿರ ಹೋಗಿ, "ಪೂರ್ಣಿಮಾ, ನಾನ ಅದೀನಿ" ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ಗಂಗವ್ವಾ ಎನ್ನಬೇಕಿತ್ತು, ಅಷ್ಟೇ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆಯದ ಬಾಯಿಗೆ ಅದು ಆಗ ಬರಲಿಲ್ಲ. ಬಂದಾಗ ಅವಳು ಇರಲಿಲ್ಲ.

ಹತ್ತು ನಿಮಿಷ ಮೀರಿತು, ಕ್ಷಮಿಸಿ. ಯಾರೂ ಎದ್ದು ಹೋಗದೆ ಕೇಳಿದಿರಿ, ಅದಕ್ಕೆ ಋಣಿ. ಗಂಗವ್ವನ ಗಂಡನ ನಮಸ್ಕಾರ.