ಎರಡು ಕೈ ಎತ್ತುವ ಕುಸ್ತಿ

ಈ ಸನ್ಮಾನ ಸಭೆಯ ಅಧ್ಯಕ್ಷರಾದ ಶ್ರೀ ಪರಮಾನಂದ ಅವರೇ, ವೇದಿಕೆಯ ಮೇಲಿರುವ ಹದಿನೇಳು ಜನ ಮುಖ್ಯ ಅತಿಥಿಗಳೇ, ಕೆಳಗೆ ಕುಳಿತಿರುವ, ಅದಕ್ಕಿಂತ ತುಸು ಹೆಚ್ಚೇ ಇರುವ ಸಭಿಕರೇ,

ನಾಳೆ ಜಮಖಂಡಿಯಲ್ಲಿ ಕುಸ್ತಿ. ಮೂವತ್ತು ವರ್ಷ ಕುಸ್ತಿಯ ತೀರ್ಪು ಹೇಳುವ ಪಂಚನಾಗಿ ಸೀಟಿ ಊದಿದ, ನಾಳೆಯೂ ಊದಲಿರುವ ಈ ನಿವೃತ್ತ ವ್ಯಾಯಾಮ ಮಾಸ್ತರ ವಾಸುದೇವನಿಗೆ ಇಂದು ಶಾಲು. "ಕುಸ್ತಿಗೆ ಜನ ಏಕೆ ಬರುತ್ತಿಲ್ಲ" ಎಂಬ ವಿಷಯ ಕೊಟ್ಟಿದ್ದೀರಿ. ಸಂಘಟಕರೇ ಇದನ್ನು ಕೇಳುತ್ತಿರುವುದು ಅವರ ದೊಡ್ಡ ಗುಣ.

ಮೊನ್ನೆ ಮೊಮ್ಮಗಳು ಮೃಣ್ಮಯಿ ಮೊಬೈಲಿನಲ್ಲಿ "ಐಸ್ ಹಾಕಿ" ಎಂಬ ಆಟ ತೋರಿಸಿದಳು. ನಮ್ಮಲ್ಲಿ ಐಸು ಕಬ್ಬಿನ ಹಾಲಿಗೆ ಬೀಳುತ್ತದೆ, ಅಲ್ಲಿ ಐಸಿನ ಮೇಲೆ ಜನ ಬೀಳುತ್ತಾರೆ. ಅಲ್ಲಿಯ ಅಭಿಮಾನಿಯೊಬ್ಬ ಗೋಳಾಡುತ್ತಿದ್ದ. ಆಟಗಾರರು ಗೆಲ್ಲಲು ಆಡುವುದಿಲ್ಲವಂತೆ, ಸೋಲದಿರಲು ಆಡುತ್ತಾರಂತೆ. ಒಬ್ಬರನ್ನೊಬ್ಬರು ತಡೆದು ನಿಲ್ಲುತ್ತಾರಂತೆ, ನಡುನಡುವೆ ಜಾಹೀರಾತಂತೆ. ನನಗೆ ಬಹಳ ಸಮಾಧಾನವಾಯಿತು. ಅಷ್ಟು ದೂರದ, ಅಷ್ಟು ತಣ್ಣನೆಯ ಆಟಕ್ಕೂ ನಮ್ಮ ರೋಗವೇ!

ನಮ್ಮಲ್ಲಿ ಜಾಹೀರಾತಿಲ್ಲ, ಸತ್ಕಾರವಿದೆ. ಪೈಲ್ವಾನರು ಕೈ ಮಿಲಾಯಿಸುವಷ್ಟರಲ್ಲಿ ಮೈಕು ಕೂಗುತ್ತದೆ: "ಮುಧೋಳದಿಂದ ಸಾಹೇಬ್ರು ಬಂದಾರ್ರಿ, ಕುಸ್ತಿ ನಿಂದರಸ್ರಿ!" ಕಣದ ಮಣ್ಣಿನಲ್ಲೇ ಅವರ ತಲೆಗೆ ಪಟಕಾ ಸುತ್ತುತ್ತೇವೆ. ಸುತ್ತಿ ಮುಗಿಯುವಾಗ ಬೀಳಗಿಯವರು ಬರುತ್ತಾರೆ. ಬನಹಟ್ಟಿಯವರನ್ನು ಬಿಟ್ಟರೆ ನಡೆದೀತೇ? ಅಷ್ಟರಲ್ಲಿ ಪೈಲ್ವಾನರ ಬೆವರು ಆರಿರುತ್ತದೆ. ಮತ್ತೆ ಶುರುವಾದರೆ ಇಬ್ಬರೂ ತಲೆಗೆ ತಲೆ ಹಚ್ಚಿ ನಿಲ್ಲುತ್ತಾರೆ. ಕೊನೆಗೆ ಪಂಚ ಇಬ್ಬರ ಕೈಯನ್ನೂ ಎತ್ತಿ "ಸಮ ಜೋಡಿ" ಎನ್ನುತ್ತಾನೆ. ಯಾರಿಗೂ ಸೋಲಿಲ್ಲ, ಯಾರಿಗೂ ಬೇಸರವಿಲ್ಲ, ನೋಡಲು ಬಂದವರನ್ನು ಬಿಟ್ಟರೆ.

ಈ ಚಾಳಿ ಕಲಿಸಿದವರು ಯಾರು? ಟೀವಿಯೇ? ಕ್ರಿಕೆಟ್ಟೇ? ತಪ್ಪನ್ನು ಕ್ರಿಕೆಟ್ಟಿನ ಮೇಲೆ ಹಾಕುವುದು ಎಲ್ಲರಿಗೂ ಅನುಕೂಲ.

ಇಪ್ಪತ್ತೆರಡು ವರ್ಷದ ಹಿಂದೆ ಇದೇ ಊರಿನಲ್ಲಿ ಹುನ್ನೂರಿನ ಹುಲೆಪ್ಪ ಕೊನೆಯ ಕುಸ್ತಿ ಹಿಡಿದಿದ್ದ. ಎದುರಾಳಿ ಅಂದಿನ ಮುಖ್ಯ ಅತಿಥಿಗಳ ತಾಲೀಮಿನವನು, ಅವರದೇ ಗರಡಿಯಲ್ಲಿ ಬೆಳೆದವನು. ಹುಲೆಪ್ಪ ಹಾಕಿದ ಒಂದೇ ಪಟ್ಟಿಗೆ ಆ ಎದುರಾಳಿ ಕೆಳಗೆ ಹೋದ. ಬೆನ್ನು ಮಣ್ಣಿಗೆ ಹತ್ತಿದರೆ ಸೋಲು; ಹತ್ತಿತೋ ಇಲ್ಲವೋ ಎಂದು ಜನ ಇಂದಿಗೂ ವಾದಿಸುತ್ತಾರೆ. ಸಂಘಟಕರೊಬ್ಬರು ಆಗಲೇ ನನ್ನ ಕಿವಿಯಲ್ಲಿ, "ಮಾಸ್ತರ, ಸಾಹೇಬ್ರ ಮನಸ್ಸು ನೋಯೂದು ಬ್ಯಾಡ, ಸಮ ಮಾಡಿಬಿಡ್ರಿ" ಎಂದಿದ್ದರು. ಎತ್ತಿದೆ ಎರಡೂ ಕೈ.

ಹುಲೆಪ್ಪ ಅಲ್ಲೇ ನಿಂತು ಕೇಳಿದ: "ಮಾಸ್ತರ, ನಿಮಗ ಕಾಣಲಿಲ್ಲೇನ್ರಿ?"

"ಧೂಳಾಗ ಕಾಣಲಿಲ್ಲಪಾ" ಎಂದೆ.

ಅವನು ಮತ್ತೆ ಕಣಕ್ಕೆ ಇಳಿಯಲಿಲ್ಲ. ಕ್ಷಮಿಸಿ, ಇದು ನನ್ನ ಭಾಷಣದ ಚೀಟಿಯಲ್ಲಿ ಇರಲಿಲ್ಲ.

ನಾಳೆ ಅವನ ಮಗಳು ರೇಷ್ಮಾ ಇಳಿಯುತ್ತಾಳೆ. ಎದುರಾಳಿ ನಮ್ಮ ಅಧ್ಯಕ್ಷರ ತಾಲೀಮಿನವಳು. ಈಗಷ್ಟೇ ಚಹಾ ಕುಡಿಯುವಾಗ ಅಧ್ಯಕ್ಷರು, "ನಾಳಿ ಹೆಣ್ಮಕ್ಕಳ ಕುಸ್ತಿ ಐದು ನಿಮಿಷಕ್ಕ ಸಮ ಮಾಡ್ರಿ ಮಾಸ್ತರ, ಮುಂದ ಸತ್ಕಾರ ಭಾಳ ಅದಾವು" ಎಂದರು. ಶಾಲು ಹೊದಿಸುವ ಮುಂಚೆಯೇ ಹೇಳಿದ್ದು ಅವರ ಸೌಜನ್ಯ.

ಅಧ್ಯಕ್ಷರೇ, ಅದು ನನ್ನಿಂದ ಆಗುವುದಿಲ್ಲ. ಇಬ್ಬರಲ್ಲಿ ಒಬ್ಬಳು ಗೆಲ್ಲುವವರೆಗೆ ನಾನು ಕಣ ಬಿಟ್ಟು ಕದಲುವುದಿಲ್ಲ. ಬೇರೆ ಪಂಚನನ್ನು ಹುಡುಕುವುದಾದರೆ ಇನ್ನೂ ಹೊತ್ತಿದೆ. ಶಾಲನ್ನೂ ಅವನಿಗೇ ಹೊದಿಸಿ.

ಹುಲೆಪ್ಪ, ಹಿಂದಿನ ಸಾಲಿನಲ್ಲಿ ಮಗಳ ಪಕ್ಕ ಕುಳಿತಿದ್ದೀಯ. ಆಕೆಯ ಎದುರಿಗೇ ಹೇಳುತ್ತೇನೆ, ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಅಂದು ನಿನ್ನ ಎದುರಾಳಿಯ ಎರಡೂ ಭುಜ ಮಣ್ಣಿಗೆ ಹತ್ತಿದ್ದವು. ನಾನು ನೋಡಿದ್ದೆ.

ಇಷ್ಟು ಹೊತ್ತು ಮೈಕು ಕಸಿದುಕೊಳ್ಳದೆ ಮಾತಾಡಲು ಬಿಟ್ಟ ಎಲ್ಲರಿಗೂ ಕೃತಜ್ಞ. ನಮಸ್ಕಾರ.