ಕೆಂಪು ಸ್ವಭಾವದ ಡಾಕ್ಟರು

ಆಸ್ಪತ್ರೆಯ ಔಷಧಿ ಅಂಗಡಿಯ ಸಾಲಿನಲ್ಲಿ ಹೆಂಡತಿಯ ಮದ್ದಿನ ಚೀಟಿ ಹಿಡಿದು ನಿಂತಿದ್ದ ಬಡಗಿಯ ಕಿವಿಗೆ, ಮುಂದಿದ್ದ ಇಬ್ಬರು ನರ್ಸುಗಳ ಪಿಸುಮಾತು ಬಿತ್ತು. ಮೊದಲು ಮಾತೆತ್ತಿದವಳು ಕಿರಿಯವಳು.

“ಅಕ್ಕಾ, ಡಾಕ್ಟರು ಬರೆದಿರೋ ಡೋಸು ಹತ್ತು ಪಟ್ಟು ಜಾಸ್ತಿ ಅನ್ಸುತ್ತೆ.”

“ಅನ್ಸುತ್ತಾ, ಇದೆಯಾ?”

“ಇದೆ. ಮೂರು ಸಲ ನೋಡ್ದೆ.”

“ಹೋಗಿ ಹೇಳೋದು ತಾನೇ?”

“ಹೋಗಿದ್ದೆ. ಬಾಯೇ ಬರ್ಲಿಲ್ಲ. ‘ಊಟ ಆಯ್ತಾ ಸರ್’ ಅಂತ ಕೇಳಿ ವಾಪಸ್ ಬಂದೆ.”

“ಮೊನ್ನೆ ತರಬೇತೀಲಿ ಒಬ್ಬೊಬ್ಬರ ಸ್ವಭಾವಕ್ಕೂ ಒಂದೊಂದು ಬಣ್ಣ ಕೊಟ್ರಲ್ಲ! ಡಾಕ್ಟರು ಕೆಂಪು. ಸುತ್ತಿ ಬಳಸಿ ಹೇಳಿದ್ರೆ ಕೇಳಲ್ಲ. ನೀನು ಹಸಿರು, ಯಾರ ಮನಸ್ಸೂ ನೋಯಿಸಲ್ಲ.”

“ಬಣ್ಣ ಕೊಟ್ರೆ ಹೆದರಿಕೆ ಹೋಗುತ್ತಾ? ಹೋದ ತಿಂಗಳು ತಪ್ಪು ತೋರಿಸಿದವಳನ್ನ ಎಲ್ಲರೆದುರು ಅಳಿಸಿದ್ರು.”

“ಇಂಜೆಕ್ಷನ್ ಎಷ್ಟು ಹೊತ್ತಿಗೆ?”

“ನಾಲ್ಕಕ್ಕೆ.”

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಬಡಗಿ ಹೆಂಡತಿಯ ಚೀಟಿಯನ್ನು ಮತ್ತೆ ಬಿಡಿಸಿ ನೋಡಿದ.

“ಯಾವ ಬೆಡ್ಡು?” ಹಿರಿಯವಳು ಕೇಳಿದಳು.

“ಹನ್ನೊಂದು.”

ಹೆಂಡತಿಯದು ಒಂಬತ್ತು. ಅವನು ಉಸಿರು ಬಿಟ್ಟ, ಬಿಟ್ಟಿದ್ದಕ್ಕೆ ನಾಚಿದ. ಹನ್ನೊಂದರ ಅಜ್ಜಿ ಬೆಳಿಗ್ಗೆಯಷ್ಟೇ ಅವನ ಹೆಂಡತಿಗೆ ತನ್ನ ದಿಂಬು ಕೊಟ್ಟಿದ್ದಳು.

“ನನ್ನೇ ಡಾಕ್ಟರು ಅಂದ್ಕೋ. ಹೇಳು.”

“ಸರ್, ತಪ್ಪು ತಿಳ್ಕೋಬೇಡಿ, ಒಂದು ಸಲ…”

“ಅಷ್ಟರಲ್ಲಿ ಅವರು ಎದ್ದು ಹೋಗಿರ್ತಾರೆ. ಮತ್ತೆ ಹೇಳು.”

“ಸರ್, ಹನ್ನೊಂದರ ಡೋಸು ತಪ್ಪಾಗಿದೆ. ನಾನು ಇಂಜೆಕ್ಷನ್ ಕೊಡಲ್ಲ.”

“ಇಷ್ಟೇ. ಇನ್ನೊಂದಕ್ಷರ ಸೇರಿಸ್ಬೇಡ.”

“ನೀವೂ ಬನ್ನಿ ಅಕ್ಕಾ. ಕಾಲು ನಡುಗ್ತಿದೆ.”

“ಕಾಲು ನಡುಗ್ಲಿ ಬಿಡು, ನಾಲಿಗೆ ನೆಟ್ಟಗಿದ್ರೆ ಸಾಕು. ನಡಿ.”

ಇಬ್ಬರೂ ಸಾಲು ಬಿಟ್ಟು ಮೆಟ್ಟಿಲ ಕಡೆ ಹೊರಟರು. ತಿರುವಿನಲ್ಲಿ ಮರೆಯಾಗುವಾಗ, ಎರಡೆರಡು ಮೆಟ್ಟಿಲು ಹಾರಿ ಮುಂದೆ ಓಡುತ್ತಿದ್ದವಳು ಕಿರಿಯವಳೇ.